ಕೀಳುವ ಮೊದಲು ಬುಡ ನೋಡಿ

ಬೇಲಿಯ ಗಿಡ ಸೊರಗಿದೆ, ಕಿತ್ತು ಹಾಕುತ್ತೇವೆ ಎನ್ನುವವರು ಯಾರೇ ಸಿಕ್ಕಲಿ, ನಾನು ಕೇಳಿಕೊಳ್ಳುವುದು ಒಂದನ್ನೇ: ಕೀಳುವ ಮೊದಲು ಒಮ್ಮೆ ಬಗ್ಗಿ ಬುಡ ನೋಡಿ. ಹಳದಿ ಎಲೆ, ಒಣಗಿದ ತುದಿ, ಜೇಡರ ಬಲೆ ಇವೆಲ್ಲ ಈ ವರ್ಷದ ಕಷ್ಟಗಳು. ಬುಡದಲ್ಲಿರುವುದು ಆ ಗಿಡ ಹತ್ತು ಹದಿನೈದು ವರ್ಷ ಒಂದೇ ಜಾಗದಲ್ಲಿ ನಿಂತು ಸಂಪಾದಿಸಿದ್ದು: ಮಣಿಕಟ್ಟಿನಷ್ಟು ದಪ್ಪನೆಯ ಕಾಂಡ, ಬಿರುಕುಬಿಟ್ಟ ತೊಗಟೆ, ನಾಲ್ಕೂ ದಿಕ್ಕಿಗೆ ಹರಡಿ ನೆಲ ಹಿಡಿದ ಬೇರು. ಬೋನ್ಸಾಯ್, ಅಂದರೆ ಮರವನ್ನು ಕುಂಡದಲ್ಲೇ ಗಿಡ್ಡವಾಗಿ ಬೆಳೆಸುವ ವಿದ್ಯೆ, ಕಲಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಸಣ್ಣ ಸಸಿಯನ್ನು ಸಣ್ಣ ಕುಂಡಕ್ಕೆ ಹಾಕಿದರೆ ಅದು ವರ್ಷಗಳ ಕಾಲ ಸಣ್ಣ ಸಸಿಯಾಗಿಯೇ ಇರುತ್ತದೆ. ಕಾಂಡ ದಪ್ಪವಾಗಬೇಕಾದರೆ ಮೇಲೆ ಧಾರಾಳವಾಗಿ ಎಲೆ ಇರಬೇಕು, ಕೆಳಗೆ ಬೇರಿಗೆ ಧಾರಾಳವಾಗಿ ಜಾಗ ಇರಬೇಕು. ಕುಂಡ ಎರಡನ್ನೂ ಕಟ್ಟಿಹಾಕುತ್ತದೆ. ಅದಕ್ಕೇ ಬೋನ್ಸಾಯ್ ಬೆಳೆಸುವವರು ಸಸಿಯನ್ನು ಮೊದಲು ಕೆಲವು ವರ್ಷ ನೆಲದಲ್ಲಿ ಬಿಟ್ಟು, ಕಾಂಡ ಬಲಿತ ಮೇಲೆ ಅಗೆದು ತೆಗೆಯುತ್ತಾರೆ. ಹಳೆಯ ಬೇಲಿ ಗಿಡದ ವಿಷಯದಲ್ಲಿ ಆ ಕೆಲಸ ಆಗಲೇ ಮುಗಿದಿದೆ. ಮೇಲಾಗಿ ವರ್ಷಗಟ್ಟಲೆ ಕತ್ತರಿ ಹಾಕಿಸಿಕೊಂಡ ಬೇಲಿಯಲ್ಲಿ ಕಾಂಡ ನೆಟ್ಟಗೆ ಮೇಲಕ್ಕೆ ಓಡಿರುವುದಿಲ್ಲ. ಕಡಿದ ಕಡೆಯೆಲ್ಲ ತಿರುಗಿ, ಕವಲೊಡೆದು, ಬುಡದಿಂದ ಮೇಲಕ್ಕೆ ಸಪೂರವಾಗುತ್ತ ಹೋಗಿರುತ್ತದೆ. ಬೋನ್ಸಾಯ್‌ನಲ್ಲಿ ಕಣ್ಣಿಗೆ ಹಿತವಾಗುವುದೇ ಈ ಇಳಿತ.

ಪಕ್ಕದ ಮನೆಯವರ ಕಾಮಿನಿ ಗಿಡದ ಸಂಗತಿ ಹೇಳುತ್ತೇನೆ. ಕಾಂಪೌಂಡ್ ಗೋಡೆಯನ್ನು ಹೊಸದಾಗಿ ಕಟ್ಟಿಸಲು ಹೊರಟಾಗ, ಅದಕ್ಕೆ ಒತ್ತಿಕೊಂಡು ಬೆಳೆದಿದ್ದ ಸಾಲು ಗಿಡಗಳನ್ನು ತೆಗೆಯಬೇಕಾಯಿತು. ಅರ್ಧಕ್ಕರ್ಧ ಒಣಗಿದ್ದವು. "ನಿಮಗೆ ಬೇಕಾದರೆ ನೋಡಿ, ಕೆಲಸದವರು ಬರುವುದಕ್ಕೆ ಇನ್ನೂ ತಿಂಗಳುಗಳಿವೆ" ಎಂದರು ಆ ಮನೆಯ ಅಕ್ಕ. ಆ ತಿಂಗಳುಗಳೇ ನನಗೆ ಬೇಕಾಗಿದ್ದವು.

ಹೋಗಿ ಕುಳಿತು ಮಣ್ಣು ಕೆದಕಿದೆ. ಮೇಲಿನಿಂದ ನೋಡಿದರೆ ಕಾಂಡ ಕಂಬದ ಹಾಗೆ ನೇರವಾಗಿ ಮಣ್ಣಿನೊಳಗೆ ಇಳಿದಿತ್ತು. ಗಿಡದ ಕಾಂಡ ಹಾಗೆ ನೇರವಾಗಿ ನೆಲಕ್ಕಿಳಿದರೆ ಬುಡ ಹೂತುಹೋಗಿದೆ ಎಂದೇ ಅರ್ಥ. ಪ್ರತಿವರ್ಷ ಪಾತಿ ಏರಿಸುತ್ತ, ಗೊಬ್ಬರ ಸುರಿಯುತ್ತ, ಗುಡಿಸಿದ ಕಸವನ್ನು ಅಲ್ಲೇ ತಳ್ಳುತ್ತ ಬಂದದ್ದರಿಂದ ನೆಲದ ಮಟ್ಟ ಏರಿತ್ತು. ಮೊದಲು ಸಿಕ್ಕಿದ್ದು ಕೂದಲಿನಂಥ ಬೇರುಗಳ ಒಂದು ಪದರ. ಹೂತುಹೋದ ಕಾಂಡದಿಂದಲೇ ಗಿಡ ಗಾಳಿಗಾಗಿ ಮೇಲೆ ಬಿಟ್ಟ ಬೇರುಗಳು ಅವು. ಅದರ ಕೆಳಗೆ ತೊಗಟೆ ಕಪ್ಪಗೆ, ಮೆತ್ತಗೆ ಆಗಿತ್ತು. ಇನ್ನೂ ಮೂರು ಬೆರಳು ಇಳಿದಾಗ ಕಾಂಡ ಒಮ್ಮೆಲೇ ಅಗಲವಾಯಿತು. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮಣ್ಣು ಉಜ್ಜಿದಂತೆ ಒಂದೊಂದಾಗಿ ಬೇರುಗಳು ಹೊರಬಂದವು: ಎರಡು ಹೆಬ್ಬೆರಳಿಗಿಂತ ದಪ್ಪ, ಒಂದು ಕಾಂಡವನ್ನೇ ಸುತ್ತಿಕೊಂಡು ಹೋದದ್ದು, ಮತ್ತೊಂದು ಗೋಡೆಗೆ ತಾಗಿ ಮೊಣಕೈಯಂತೆ ಮಡಿಚಿಕೊಂಡದ್ದು. ಕಾಂಡ ಸುತ್ತಿದ ಬೇರು ತೊಗಟೆಯೊಳಗೆ ಅಚ್ಚೊತ್ತಿತ್ತು. ಅದರ ನೇರಕ್ಕೆ ಮೇಲಿದ್ದ ರೆಂಬೆಯೇ ಒಣಗಿದ್ದದ್ದು. ಬೇರು ಕಾಂಡವನ್ನು ಬಿಗಿದಾಗ ಎಲೆಯಲ್ಲಿ ತಯಾರಾದ ಆಹಾರ ಆ ಭಾಗದಲ್ಲಿ ಕೆಳಗಿಳಿಯಲು ದಾರಿ ಕಟ್ಟುತ್ತದೆ. ಬೇರು ಹಸಿಯುತ್ತದೆ, ಆಮೇಲೆ ರೆಂಬೆ.

ಜೀವ ಇದೆಯೇ ಎಂದು ನೋಡುವುದು ಎಲ್ಲಕ್ಕಿಂತ ಮೊದಲ ಕೆಲಸ. ಉಗುರಿನಿಂದ ತೊಗಟೆಯನ್ನು ತುಸು ಗೀರಿದರೆ ಸಾಕು. ಒಳಗೆ ಹಸಿರಾಗಿ ಒದ್ದೆಯಾಗಿದ್ದರೆ ಅಲ್ಲಿ ಜೀವ ಇದೆ. ಕಂದು ಬಣ್ಣದ ಒಣ ಪದರ ಸಿಕ್ಕರೆ ಆ ಭಾಗ ಹೋಗಿದೆ. ತುದಿಯಲ್ಲಿ ಒಮ್ಮೆ ಗೀರಿ ನೋಡಿ ಸತ್ತಿದೆ ಎಂದು ತೀರ್ಮಾನಿಸುವುದು ಗಿಡಕ್ಕೆ ಮಾಡುವ ಅನ್ಯಾಯ. ತುದಿಯಿಂದ ಬುಡದ ಕಡೆಗೆ ಇಳಿಯುತ್ತ, ಕಾಂಡದ ಸುತ್ತಲೂ ಬೇರೆ ಬೇರೆ ಕಡೆ ಗೀರಬೇಕು. ಒಂದು ಮಗ್ಗುಲು ಸತ್ತು ಇನ್ನೊಂದು ಮಗ್ಗುಲು ಬದುಕಿರುವುದು ಹಳೆಯ ಗಿಡಗಳಲ್ಲಿ ಬಹಳ ಸಾಮಾನ್ಯ. ಎಲೆಗಳೂ ಸುಳಿವು ಕೊಡುತ್ತವೆ. ಎಲೆ ಉದುರಿಸುವುದು ಬದುಕಿರುವ ರೆಂಬೆ ಮಾಡುವ ಕೆಲಸ, ಏಕೆಂದರೆ ತೊಟ್ಟಿನ ಬುಡದಲ್ಲಿ ಕಳಚುವ ಪದರವನ್ನು ಜೀವಂತ ಅಂಗಾಂಶವೇ ಕಟ್ಟಬೇಕು. ಕಂದಾದ ಎಲೆಗಳು ಉದುರದೆ ಹಾಗೇ ನೇತಾಡುತ್ತಿದ್ದರೆ ರೆಂಬೆ ಥಟ್ಟನೆ ಸತ್ತಿರುವ ಸಂಭವ ಹೆಚ್ಚು. ಬೋಳಾದ ಗಿಡ ಕಂಡು ಎದೆಗುಂದಬೇಡಿ, ಒಣಗಿದ ಎಲೆ ಹೊತ್ತು ನಿಂತ ಗಿಡವನ್ನು ಮಾತ್ರ ಎಚ್ಚರಿಕೆಯಿಂದ ನೋಡಿ.

ಜೀವ ಇದೆ ಎಂದಾದ ಮೇಲೆ, ಸೊರಗಿದ್ದು ಏಕೆ ಎಂಬ ಪ್ರಶ್ನೆ. ಇಲ್ಲಿ ಅವಸರ ಮಾಡುವವರೇ ಹೆಚ್ಚು. ಬಾಡಿದೆ ಎಂದರೆ ನೀರು, ಹಳದಿಯಾಗಿದೆ ಎಂದರೆ ಗೊಬ್ಬರ. ಇವೆರಡೇ ಔಷಧಗಳು ಎಂಬಂತೆ ಸುರಿಯುತ್ತಾರೆ. ನೀರು ನಿಂತ ನೆಲದಲ್ಲೂ ಗಿಡ ಬಾಡುತ್ತದೆ. ಬೇರಿಗೆ ಗಾಳಿ ಸಿಗದಿದ್ದರೆ ಅದು ಸಾಯುತ್ತದೆ, ಸತ್ತ ಬೇರು ನೀರೆತ್ತಲಾರದು, ಆಗ ಎಲೆಗಳು ಬಾಯಾರಿದಂತೆಯೇ ಜೋಲು ಬೀಳುತ್ತವೆ. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿದರೆ ಗೊತ್ತಾಗುತ್ತದೆ. ಒಂದು ಸಣ್ಣ ಬೇರನ್ನು ಹಿಡಿದು ನೋಡಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ: ಆರೋಗ್ಯವಾದ ಬೇರು ಗಟ್ಟಿಯಾಗಿ, ತುದಿ ಬಿಳಿಯಾಗಿ ಇರುತ್ತದೆ, ಕೊಳೆತದ್ದರ ಸಿಪ್ಪೆ ಬೆರಳಿಗೇ ಕಿತ್ತು ಬರುತ್ತದೆ, ವಾಸನೆಯೂ ಬರುತ್ತದೆ.

ಹಳದಿ ಎಲೆಯ ವಿಷಯದಲ್ಲಿ ಯಾವ ಎಲೆ ಹಳದಿಯಾಗಿದೆ ಎಂಬುದನ್ನು ನೋಡಬೇಕು. ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾದರೆ ಸಾರಜನಕದ ಕೊರತೆ ಇರಬಹುದು; ಗಿಡ ಹಳೆಯ ಎಲೆಯಿಂದ ಅದನ್ನು ಹಿಂತೆಗೆದು ಚಿಗುರಿಗೆ ಕೊಡುತ್ತದೆ. ಮೇಲಿನ ಎಳೆಯ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆಯ ಗುರುತು, ಏಕೆಂದರೆ ಕಬ್ಬಿಣವನ್ನು ಗಿಡ ಹಾಗೆ ಹಳೆಯ ಎಲೆಯಿಂದ ಸಾಗಿಸಲಾರದು. ಕೇಪಳದ ಗಿಡ ಗೋಡೆಯ ಪಕ್ಕದಲ್ಲಿ ಹೀಗಾಗುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಮಣ್ಣಿನಲ್ಲಿ ಕಬ್ಬಿಣ ಇದ್ದೇ ಇರುತ್ತದೆ. ಆದರೆ ಗಾರೆಯ, ಸಿಮೆಂಟಿನ ಸುಣ್ಣ ಮಣ್ಣಿಗಿಳಿದು ಅದನ್ನು ಕ್ಷಾರೀಯವಾಗಿಸಿದರೆ ಆ ಕಬ್ಬಿಣ ಬೇರಿಗೆ ದಕ್ಕದ ರೂಪಕ್ಕೆ ತಿರುಗುತ್ತದೆ. ಕೇಪಳಕ್ಕೆ ತುಸು ಆಮ್ಲೀಯ ಮಣ್ಣೇ ಬೇಕು. ಅಂಥ ಗಿಡಕ್ಕೆ ಬುಟ್ಟಿಗಟ್ಟಲೆ ಗೊಬ್ಬರ ಹಾಕುವುದಕ್ಕಿಂತ ಚೀಲೇಟೆಡ್ ಕಬ್ಬಿಣವನ್ನು (ಬೇರಿಗೆ ದಕ್ಕುವ ರೂಪದಲ್ಲೇ ಉಳಿಯುವಂತೆ ಮಾಡಿದ ಕಬ್ಬಿಣ) ನೀರಿನಲ್ಲಿ ಕರಗಿಸಿ ಕೊಟ್ಟು, ಸಮಯ ನೋಡಿ ಗೋಡೆಯಿಂದ ದೂರ ಒಯ್ಯುವುದು ಒಳ್ಳೆಯದು.

ಇರುವೆ ಸಾಲುಗಟ್ಟಿ ಕಾಂಡ ಹತ್ತುತ್ತಿದ್ದರೆ ಮೇಲೆ ಹಿಟ್ಟು ತಿಗಣೆಯೋ ಶಲ್ಕ ಕೀಟವೋ ಇದೆ ಎಂದು ತಿಳಿಯಿರಿ. ಅವು ರಸ ಹೀರಿ ಸಿಹಿ ಅಂಟನ್ನು ಹೊರಬಿಡುತ್ತವೆ, ಇರುವೆಗಳು ಅದಕ್ಕಾಗಿ ಅವುಗಳನ್ನು ಕಾಯುತ್ತವೆ, ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆ ಮಸಿ ಹಚ್ಚಿದಂತಾಗುತ್ತದೆ. ನಮ್ಮ ಮನೆಯಲ್ಲಿ ಈ ಕೆಲಸ ಅಮ್ಮನದು. ಮೊಣಕಾಲು ನೋವಿನಿಂದ ಅಮ್ಮನಿಗೆ ಹೆಚ್ಚು ಹೊತ್ತು ನಿಲ್ಲಲಾಗುವುದಿಲ್ಲ. ಸ್ಟೂಲಿನ ಮೇಲೆ ಕುಳಿತು, ಕಡ್ಡಿಗೆ ಹತ್ತಿ ಸುತ್ತಿ, ಸೋಪಿನ ನೀರಿನಲ್ಲಿ ಅದ್ದಿ ಎಲೆಯ ಕಂಕುಳು ಕಂಕುಳನ್ನೂ ಒರೆಸುತ್ತಾರೆ. "ಕತ್ತರಿ ಹಿಡಿದು ಬರಬೇಡ, ಇದಿನ್ನೂ ನನ್ನ ಕೈಯಲ್ಲಿದೆ" ಎಂದು ನನ್ನನ್ನು ಅಟ್ಟಿದ್ದೂ ಉಂಟು. ಬೇವಿನ ಎಣ್ಣೆಗೆ ನಾಲ್ಕು ಹನಿ ದ್ರವ ಸೋಪು ಬೆರೆಸಿ, ನೀರಿನಲ್ಲಿ ಕದಡಿ ಸಂಜೆ ಸಿಂಪಡಿಸುವುದು ಆಮೇಲಿನ ಕೆಲಸ. ಸುಡುಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ಇರುವೆಯ ದಾರಿ ಕಟ್ಟದೆ ಎಷ್ಟು ಸಿಂಪಡಿಸಿದರೂ ತಿಗಣೆ ಮರಳಿ ಬರುತ್ತದೆ.

ಅಮ್ಮನ ಆ ಮಾತೇ ಈ ಇಡೀ ವಿದ್ಯೆಯ ಮೊದಲ ಪಾಠ ಎಂದು ನನಗೆ ಅನ್ನಿಸಿದೆ. ಸೊರಗಿದ ಗಿಡದ ಹಸಿರಿಗೆ ಕತ್ತರಿ ಹಾಕಬಾರದು. ಹೊಸಬರು ಗಿಡ ಕೈಗೆ ಬಂದ ದಿನವೇ ಕೊಂಬೆ ಕಡಿದು, ಬೇರು ಕಡಿದು, ತಂತಿ ಸುತ್ತಿ, ತಟ್ಟೆಯಂಥ ಕುಂಡಕ್ಕೆ ಇಳಿಸಿ, ಫೋಟೋ ತೆಗೆದು ಸಂಭ್ರಮಿಸುತ್ತಾರೆ. ಆ ಒಂದೊಂದು ಕೆಲಸವೂ ಗಿಡಕ್ಕೆ ಗಾಯ. ಗಟ್ಟಿಮುಟ್ಟಾದ ಗಿಡ ಒಂದು ಗಾಯವನ್ನು ತಡೆದುಕೊಂಡು ಇನ್ನಷ್ಟು ಚಿಗುರುತ್ತದೆ. ಸೋತ ಗಿಡಕ್ಕೆ ಆ ಶಕ್ತಿ ಎಲ್ಲಿಂದ ಬರಬೇಕು? ಶಕ್ತಿ ತಯಾರಾಗುವುದೇ ಎಲೆಯಲ್ಲಿ. ಅದನ್ನೇ ಕತ್ತರಿಸಿದರೆ ಉಳಿಯುವುದು ಕಾಂಡದಲ್ಲಿ ಕೂಡಿಟ್ಟ ಅಷ್ಟಿಷ್ಟು ಪಿಷ್ಟ ಮಾತ್ರ. ಹಾಗಾಗಿ ಮೊದಲ ಬೆಳೆಯ ಕಾಲ ಪೂರ್ತಿ ನಾನು ಒಣಗಿದ್ದನ್ನು ಮಾತ್ರ ಕತ್ತರಿಸುತ್ತೇನೆ. ಹಸಿರು ಎಷ್ಟೇ ಅಡ್ಡಾದಿಡ್ಡಿಯಾಗಿ ಬೆಳೆಯಲಿ, ಬೆಳೆಯಲಿ.

ಪಕ್ಕದ ಮನೆಯ ಕಾಮಿನಿಗೆ ಮಾಡಿದ್ದೂ ಅಷ್ಟೇ. ಏರಿದ ಮಣ್ಣು ತೆಗೆದು ಬುಡಕ್ಕೆ ಗಾಳಿ ಬಿಟ್ಟೆ. ಸುತ್ತಿದ ಬೇರನ್ನು ಉಳಿಯಿಂದ ಎರಡು ಕಡೆ ಕಡಿದು, ತೊಗಟೆ ಕೀಳದಂತೆ ನಿಧಾನವಾಗಿ ಬಿಡಿಸಿದೆ. ಗಟ್ಟಿಯಾದ ಮಣ್ಣನ್ನು ಕಾಂಡದಿಂದ ದೂರದಲ್ಲಿ ಕಬ್ಬಿಣದ ಸರಳಿನಿಂದ ಚುಚ್ಚಿ, ಆ ತೂತುಗಳಿಗೆ ಒರಟು ಮರಳು, ಎರೆಗೊಬ್ಬರ ತುಂಬಿದೆ. ಸಮ ಕತ್ತರಿಸುತ್ತಿದ್ದ ಬೇಲಿಯ ಕತ್ತರಿ ನಿಂತಿತು. ಕೆಲವು ವಾರ ಏನೂ ಕಾಣಲಿಲ್ಲ. ಆಮೇಲೆ ಹಳೆಯ ಬೂದು ತೊಗಟೆಯ ಮೇಲೆ ಸಾಸಿವೆ ಕಾಳಿಗಿಂತ ಚಿಕ್ಕದಾದ ತಿಳಿಹಸಿರು ಚುಕ್ಕೆಗಳು ಎದ್ದವು. ಮೊಣಕಾಲಿನ ಎತ್ತರದಲ್ಲಿ, ಎಲೆಯೇ ಇಲ್ಲದ ಬೋಳು ಕಾಂಡದ ಮೇಲೆ! ಬೋನ್ಸಾಯ್ ಬೆಳೆಸುವವರಿಗೆ ಇದಕ್ಕಿಂತ ದೊಡ್ಡ ಸಂತೋಷವಿಲ್ಲ, ಏಕೆಂದರೆ ಮುಂದಿನ ರೆಂಬೆಗಳು ಬರಬೇಕಾದದ್ದು ಆ ಎತ್ತರದಲ್ಲೇ.

ಈ ಗುಣ ಎಲ್ಲ ಗಿಡಗಳಿಗೂ ಇಲ್ಲ. ಕಾಮಿನಿ, ಬೋಗನ್‌ವಿಲ್ಲಾ, ದಾಳಿಂಬೆ, ಡುರಾಂಟಾ, ಫೈಕಸ್ ಜಾತಿಯ ಗಿಡಗಳು, ಬಾಕ್ಸ್‌ವುಡ್ ಇವೆಲ್ಲ ಹಳೆಯ ಕಟ್ಟಿಗೆಯಿಂದಲೂ ಚಿಗುರೊಡೆಯುತ್ತವೆ. ಜುನಿಪರ್, ಸೈಪ್ರಸ್‌ಗಳಂಥ ಸೂಚಿಪರ್ಣಿಗಳಲ್ಲಿ ಹಸಿರೇ ಇಲ್ಲದ ರೆಂಬೆಯನ್ನು ಕಡಿದರೆ ಆ ರೆಂಬೆ ಮುಗಿಯಿತು; ಒಳಗಡೆ ಬದುಕಿರುವ ಹಸಿರು ಕಂಡರೆ ಮಾತ್ರ ಅವುಗಳಿಗೆ ಕೈ ಹಾಕಿ. ದಾಸವಾಳ ಕಲಿಯುವವರಿಗೆ ಅಷ್ಟು ಒಗ್ಗುವುದಿಲ್ಲ. ಸಣ್ಣ ಕುಂಡದಲ್ಲಿ ಎಲೆ ಚಿಕ್ಕದಾಗುತ್ತದೆ, ಹೂವು ಹಣ್ಣು ಹಾಗೆ ಚಿಕ್ಕದಾಗುವುದಿಲ್ಲ. ಅಂಗೈಯಗಲದ ಹೂವು ಗೇಣುದ್ದದ ಮರದ ಮೇಲೆ ಕುಳಿತರೆ ಮರವೇ ಕಾಣುವುದಿಲ್ಲ. ಕಾಮಿನಿಯ ಎಲೆಯೂ ಹೂವೂ ಹುಟ್ಟಿನಿಂದಲೇ ಸಣ್ಣವು, ಅದಕ್ಕೇ ಅದು ನನ್ನ ಅಚ್ಚುಮೆಚ್ಚು.

ಅಗೆಯುವ ಮಾತಿಗೆ ಬರುತ್ತೇನೆ. ಗಿಡ ಚಿಗುರಲು ಸಿದ್ಧವಾಗುತ್ತಿರುವ ಕಾಲ ಸರಿಯಾದ ಕಾಲ. ಚಳಿಗೆ ಎಲೆ ಉದುರಿಸುವ ಗಿಡಗಳಿಗೆ ಮೊಗ್ಗು ಉಬ್ಬುವ ಹೊತ್ತು. ಬೆಚ್ಚಗಿನ ಹವೆಯ ಗಿಡಗಳಿಗೆ ಬಿಸಿಲು ತಗ್ಗಿ ಗಾಳಿಯಲ್ಲಿ ತೇವ ಇರುವ, ಆದರೆ ಬೆಚ್ಚಗೇ ಇರುವ ಹೊತ್ತು. ಸಮಯವಿದ್ದರೆ ಎರಡು ಕಂತಿನಲ್ಲಿ ಮಾಡಿ. ಮೊದಲು ಕಾಂಡದಿಂದ ಸ್ವಲ್ಪ ದೂರದಲ್ಲಿ ಅರ್ಧ ಸುತ್ತು ಚರಂಡಿ ತೋಡಿ, ಸಿಕ್ಕ ದಪ್ಪ ಬೇರುಗಳನ್ನು ಗರಗಸದಿಂದ ನುಣುಪಾಗಿ ಕತ್ತರಿಸಿ, ಚರಂಡಿಗೆ ಮರಳು ಬೆರೆಸಿದ ಸಡಿಲ ಮಣ್ಣು ತುಂಬಿಬಿಡಬೇಕು. ಕತ್ತರಿಸಿದ ಬೇರಿನ ಬಾಯಿಯಿಂದ ಆ ಸಡಿಲ ಮಣ್ಣಿಗೆ ಸಣ್ಣ ಬೇರುಗಳು ಇಳಿಯುತ್ತವೆ. ಕೆಲವು ತಿಂಗಳ ಬಳಿಕ ಉಳಿದರ್ಧ ಸುತ್ತು ಮಾಡಿ ಎತ್ತಿದರೆ ಗಿಡ ಬರಿಗೈಯಲ್ಲಿ ಬರುವುದಿಲ್ಲ. ಗುದ್ದಲಿಯಿಂದ ಬೇರನ್ನು ಜಜ್ಜಬೇಡಿ. ಜಜ್ಜಿದ ಬೇರು ಕೊಳೆಯುತ್ತದೆ, ಕತ್ತರಿಸಿದ್ದು ಚಿಗುರುತ್ತದೆ.

ಬೋಗನ್‌ವಿಲ್ಲಾದ ರೀತಿಯೇ ಬೇರೆ. ಅದರ ಬೇರು ಮಣ್ಣನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಎಷ್ಟು ಜೋಪಾನವಾಗಿ ಎತ್ತಿದರೂ ಮಣ್ಣಿನ ಹೆಂಟೆ ಪುಡಿಪುಡಿಯಾಗಿ ಉದುರಿ, ಎಳೆಯ ಬೇರುಗಳು ಅದರ ಜೊತೆಗೇ ಮುರಿದು ಹೋಗುತ್ತವೆ. ಪರಿಚಿತರೊಬ್ಬರ ಗೇಟಿನ ಬಳಿ ಕಡಿದು ಹಾಕಿದ್ದ ಒಂದು ಬೊಡ್ಡೆಯನ್ನು ತಂದಾಗ ಅದರಲ್ಲಿ ಪೆನ್ಸಿಲಿನಷ್ಟು ದಪ್ಪದ ಎರಡು ಬೇರಿನ ತುಂಡು ಬಿಟ್ಟರೆ ಏನೂ ಇರಲಿಲ್ಲ. ಆದರೂ ಧೈರ್ಯವಾಗಿ ತಂದೆ, ಏಕೆಂದರೆ ಬೋಗನ್‌ವಿಲ್ಲಾದ ದಪ್ಪ ಕಾಂಡವೇ ದೊಡ್ಡ ಕಡ್ಡಿಯಂತೆ ಬೇರು ಬಿಡಬಲ್ಲದು. ಕೆಳಗಿನ ಕಡಿತವನ್ನು ಹರಿತವಾದ ಚಾಕುವಿನಿಂದ ಮತ್ತೆ ನುಣುಪು ಮಾಡಿ, ಬೇರು ಹುಟ್ಟಿಸುವ ಹಾರ್ಮೋನಿನ ಪುಡಿ ಸವರಿ, ಒರಟು ಮರಳು ಮತ್ತು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಆಳವಾದ ಟಬ್ಬಿನಲ್ಲಿ ಅಲುಗಾಡದಂತೆ ಕಟ್ಟಿ ನಿಲ್ಲಿಸಿದೆ. ಮೇಲಿನ ಕಡಿತಗಳಿಗೆ ಮೇಣ ಹಚ್ಚಿದೆ. ಈ ಗಿಡದ ಕಟ್ಟಿಗೆ ಮೆದು, ನೀರು ಇಳಿದರೆ ಒಳಗಿನಿಂದ ಕೊಳೆತು ಟೊಳ್ಳಾಗುತ್ತದೆ. ಇಡೀ ಬೊಡ್ಡೆಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಮುಚ್ಚಿ ನೆರಳಿನಲ್ಲಿಟ್ಟೆ.

ಇಲ್ಲಿ ಎಲ್ಲರಿಗೂ ಹೇಳಲೇಬೇಕಾದ ಒಂದು ಸಂಗತಿ ಇದೆ. ಇಂಥ ಬೊಡ್ಡೆ ಕೆಲವೇ ವಾರಗಳಲ್ಲಿ ಚಿಗುರುತ್ತದೆ. ನೇರಳೆ ಛಾಯೆಯ ಮುದ್ದಾದ ಎಲೆಗಳು, ದಿನಕ್ಕಿಷ್ಟು ಎಂಬಂತೆ ಬೆಳೆಯುತ್ತವೆ. ಗಿಡ ಹಿಡಿಯಿತು ಎಂದು ಚೀಲ ತೆಗೆದು ಬಿಸಿಲಿಗಿಟ್ಟು ಗೊಬ್ಬರ ಹಾಕಿದರೆ ಮರುದಿನವೇ ಚಿಗುರೆಲ್ಲ ಕುಸಿಯುತ್ತದೆ. ಮೊದಲ ಚಿಗುರು ಕಾಂಡದೊಳಗಿನ ಉಳಿತಾಯದಿಂದ ಬಂದದ್ದು, ಅದಕ್ಕೂ ಬೇರಿಗೂ ಇನ್ನೂ ಸಂಬಂಧವೇ ಇರುವುದಿಲ್ಲ. ಆ ಎಲೆಗಳು ಬಲಿತು ಆಹಾರ ಮಾಡಿ ಕೆಳಗೆ ಕಳಿಸಿದ ಮೇಲೆಯೇ ಬೇರು. ಬೆಳವಣಿಗೆ ಒಮ್ಮೆ ನಿಂತು, ಎಲೆ ದಪ್ಪವಾಗಿ ಕಡುಹಸಿರಾಗಿ, ಮತ್ತೆ ಎರಡನೆಯ ಸಲ ಚಿಗುರು ಹೊರಟಾಗ ಮಾತ್ರ ನಾನು ನಂಬುತ್ತೇನೆ. ಆಗಲೂ ಚೀಲಕ್ಕೆ ಒಂದೊಂದೇ ತೂತು ಮಾಡುತ್ತ ಒಳಗಿನ ತೇವವನ್ನು ನಿಧಾನವಾಗಿ ಇಳಿಸಿ, ಆಮೇಲೆ ಬೆಳಗಿನ ಬಿಸಿಲು. ಬೇರು ಬಂದಿದೆಯೇ ಎಂದು ಅಲುಗಾಡಿಸಿ ನೋಡುವ ಚಪಲವನ್ನು ದಯವಿಟ್ಟು ತಡೆದುಕೊಳ್ಳಿ. ಹೊಸ ಬೇರಿನ ತುದಿ ಅಷ್ಟಕ್ಕೇ ಮುರಿಯುತ್ತದೆ. ಗಾಳಿಗೂ ಅಲುಗಬಾರದು ಎಂದೇ ಕುಂಡದ ತಳದ ತೂತಿನಿಂದ ತಂತಿ ತಂದು ಬೇರಿನ ಗಡ್ಡೆಯನ್ನು ಬಿಗಿದು ಕಟ್ಟುವುದು.

ಮಣ್ಣಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ತೋಟದ ಮಣ್ಣನ್ನೇ ಕುಂಡಕ್ಕೆ ತುಂಬುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಒಂದು ಪ್ರಯೋಗ ಮಾಡಿ. ಪಾತ್ರೆ ತೊಳೆಯುವ ಚಪ್ಪಟೆ ಸ್ಪಂಜನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ, ಅಂಗೈ ಮೇಲೆ ಅಡ್ಡವಾಗಿ ಹಿಡಿಯಿರಿ. ನೀರು ಇಳಿದು ತೊಟ್ಟಿಕ್ಕುವುದು ನಿಲ್ಲುತ್ತದೆ. ಹಿಂಡದೆ ಅದನ್ನು ಹಾಗೇ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ಎತ್ತರ ಮಾತ್ರ ಬೇರೆ. ಮಣ್ಣಿನಲ್ಲೂ ತಳದಲ್ಲಿ ನೀರು ಕಚ್ಚಿಕೊಂಡು ನಿಲ್ಲುವ ಒಂದು ಪದರ ಇರುತ್ತದೆ, ಅದರ ದಪ್ಪವನ್ನು ತೀರ್ಮಾನಿಸುವುದು ಮಣ್ಣಿನ ಕಣದ ಗಾತ್ರ. ಆಳವಾದ ಕುಂಡದಲ್ಲಿ ಆ ಪದರದ ಮೇಲೆ ಬೇರಿಗೆ ಬೇಕಾದಷ್ಟು ಗಾಳಿಯಾಡುವ ಜಾಗ ಉಳಿಯುತ್ತದೆ. ಮೂರು ಬೆರಳು ಆಳದ ಬೋನ್ಸಾಯ್ ಕುಂಡದಲ್ಲಿ ನುಣ್ಣನೆಯ ಮಣ್ಣು ಹಾಕಿದರೆ ಇಡೀ ಕುಂಡವೇ ಆ ಪದರವಾಗಿಬಿಡುತ್ತದೆ. ತಳಕ್ಕೆ ಜಲ್ಲಿ ಹಾಸಿದರೆ ಪರಿಹಾರ ಎಂಬ ನಂಬಿಕೆ ಬಹಳ ಜನರಿಗಿದೆ. ಜಲ್ಲಿ ಹಾಕಿದರೆ ನೀರಿನ ಪದರ ಜಲ್ಲಿಯ ಮೇಲೆ ಕೂರುತ್ತದೆ, ಬೇರಿಗೆ ಇನ್ನಷ್ಟು ಹತ್ತಿರ.

ಹಾಗಾಗಿ ಕಣ ದೊಡ್ಡದಿರಬೇಕು, ಒಂದೇ ಗಾತ್ರದ್ದಿರಬೇಕು, ದೂಳು ಇರಲೇಬಾರದು. ನಾನು ಇಟ್ಟಿಗೆಯನ್ನು ಕುಟ್ಟಿ ಎರಡು ಜರಡಿಯಲ್ಲಿ ಹಿಡಿಯುತ್ತೇನೆ. 2 ರಿಂದ 5 ಮಿಲಿಮೀಟರ್ ನಡುವಿನದು ನನ್ನದು, ದೂಳು ದಾರಿಗೆ. ಇಟ್ಟಿಗೆ ಚೂರು ಹೆಚ್ಚು ಪಾಲು, ಅದಕ್ಕೆ ಜರಡಿ ಹಿಡಿದ ಒರಟು ಮರಳು, ಇದ್ದಿಲಿನ ಚೂರು, ಚೆನ್ನಾಗಿ ಕಳಿತ ಗೊಬ್ಬರ ಒಂದಿಷ್ಟು. ಹಳೆಯ ಗೋಡೆಯ ಇಟ್ಟಿಗೆ ಬೇಡ, ಅದಕ್ಕಂಟಿದ ಗಾರೆ ಕೇಪಳಕ್ಕೆ ಮಾಡಿದ್ದನ್ನೇ ಎಲ್ಲಕ್ಕೂ ಮಾಡುತ್ತದೆ. ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲು), ಅಕಡಾಮಾ (ಜಪಾನಿನ ಹರಳು ಜೇಡಿಮಣ್ಣು) ಸಿಗುವವರು ಅವನ್ನೇ ಬಳಸಲಿ. ಈ ಮಿಶ್ರಣ ಬೇಗ ಒಣಗುತ್ತದೆ, ನೀರು ಹೆಚ್ಚು ಸಲ ಹಾಕಬೇಕಾಗುತ್ತದೆ. ಹಾಕುವಾಗ ತಳದ ತೂತಿನಿಂದ ಹರಿದು ಬರುವಷ್ಟು ಹಾಕಬೇಕು. ಗಿಡ ಕೂರಿಸಿದ ಮೇಲೆ ಮರದ ಕಡ್ಡಿಯಿಂದ ಬೇರುಗಳ ನಡುವೆ ಕುಟ್ಟಿ ಕುಟ್ಟಿ ಮಿಶ್ರಣ ಇಳಿಸಿ, ಒಳಗೆ ಪೊಳ್ಳು ಉಳಿದರೆ ಅಲ್ಲಿನ ಬೇರು ಒಣಗುತ್ತದೆ.

ಆಕಾರ ಕೊಡುವುದು ಎಲ್ಲಕ್ಕಿಂತ ಕೊನೆಗೆ, ಮತ್ತು ನನಗೆ ಎಲ್ಲಕ್ಕಿಂತ ನಿಧಾನದ ಕೆಲಸ. ತಂತಿ ಸುತ್ತುವುದನ್ನು ಕಲಿಯಬೇಕು, ಸರಿ. ರೆಂಬೆಯ ಮೂರರಲ್ಲೊಂದು ದಪ್ಪದ ಅಲ್ಯೂಮಿನಿಯಂ ತಂತಿ, ಸುಮಾರು 45 ಡಿಗ್ರಿ ಓರೆಯಲ್ಲಿ, ತೊಗಟೆಗೆ ಕಚ್ಚುವ ಮೊದಲೇ ಕತ್ತರಿಸಿ ತೆಗೆಯಬೇಕು. ಆದರೆ ಬೇಲಿಯ ಗಿಡಗಳಿಗೆ ನಾನು ಹೆಚ್ಚು ನಂಬುವುದು ದಕ್ಷಿಣ ಚೀನಾದ ಲಿಂಗ್‌ನಾನ್ ಸಂಪ್ರದಾಯದ ವಿಧಾನವನ್ನು: ಕತ್ತರಿಸು, ಬೆಳೆಯಲು ಬಿಡು, ಮತ್ತೆ ಕತ್ತರಿಸು. ಕಾಮಿನಿಯಂಥ ಬಿಸಿಪ್ರದೇಶದ ಗಿಡಗಳ ಜೊತೆ ಬೆಳೆದು ಬಂದ ಪದ್ಧತಿ ಅದು. ರೆಂಬೆಯ ತುದಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಮೊಗ್ಗುಗಳನ್ನು ಮಲಗಿಸಿಟ್ಟಿರುತ್ತದೆ. ತುದಿ ತೆಗೆದರೆ ಅವು ಏಳುತ್ತವೆ. ಯಾವ ಮೊಗ್ಗಿನ ಮೇಲೆ ಕತ್ತರಿಸುತ್ತೀರೋ ಆ ಮೊಗ್ಗು ನೋಡುತ್ತಿರುವ ದಿಕ್ಕಿಗೆ ಹೊಸ ರೆಂಬೆ ಹೋಗುತ್ತದೆ. ಅದು ತಾನು ಹೊರಟ ಕೊಂಬೆಯ ಅರ್ಧದಷ್ಟು ದಪ್ಪವಾಗುವವರೆಗೆ ಮುಟ್ಟದೆ ಬಿಟ್ಟು, ಒಂದೆರಡು ಗೆಣ್ಣು ಉಳಿಸಿ ಮತ್ತೆ ಕತ್ತರಿಸಬೇಕು. ದಪ್ಪ ಕಾಂಡವನ್ನು ಗಿಡ್ಡ ಮಾಡುವಾಗ ಬೇಕಾದುದಕ್ಕಿಂತ ಒಂದೆರಡು ಬೆರಳು ಮೇಲೆಯೇ ಕಡಿಯಿರಿ. ಕಡಿದ ಜಾಗದಿಂದ ಸ್ವಲ್ಪ ಕೆಳಗಿನವರೆಗೆ ಕಟ್ಟಿಗೆ ಒಣಗುತ್ತದೆ. ಚಿಗುರು ಎಲ್ಲಿ ಬಂತು ಎಂದು ನೋಡಿಕೊಂಡು ಉಳಿದ ಮೋಟನ್ನು ಆಮೇಲೆ ತೆಗೆಯಬಹುದು.

ಸತ್ತ ಭಾಗವನ್ನೂ ಸುಮ್ಮನೆ ಎಸೆಯಬೇಡಿ. ದಾಳಿಂಬೆಯ ಕಾಂಡ ವಯಸ್ಸಾದಂತೆ ತಾನಾಗಿ ತಿರುಚಿಕೊಳ್ಳುತ್ತದೆ. ನನ್ನ ಹತ್ತಿರ ಇರುವುದರ ಒಂದು ಮಗ್ಗುಲು ಪೂರ್ತಿ ಒಣಗಿ ತೊಗಟೆ ಕಳಚಿದೆ, ಇನ್ನೊಂದು ಮಗ್ಗುಲಿನಲ್ಲಿ ಎರಡು ಬೆರಳಗಲದ ಜೀವಂತ ತೊಗಟೆ ಬುಡದಿಂದ ತುದಿಯವರೆಗೆ ಸುತ್ತಿ ಏರುತ್ತದೆ. ಅದರ ಅಂಚು ವರ್ಷದಿಂದ ವರ್ಷಕ್ಕೆ ಉಬ್ಬಿ, ಒಣಕಟ್ಟಿಗೆಯ ಮೇಲೆ ದುಂಡಗೆ ಮಡಿಚಿಕೊಳ್ಳುತ್ತಿದೆ. ಒಣಗಿದ ಕಡೆ ಮೆದುವಾದದ್ದನ್ನು ಕೆತ್ತಿ ತೆಗೆದು, ಸುಣ್ಣ ಗಂಧಕದ ದ್ರಾವಣ ಬಳಿದಿದ್ದೇನೆ. ಕಟ್ಟಿಗೆ ಕೊಳೆಯುವುದು ತಡವಾಗುತ್ತದೆ, ಬಣ್ಣ ಬೆಳ್ಳಗಾಗುತ್ತದೆ. ಅದನ್ನು ಬಯಲಿನಲ್ಲಿ, ಕೈಗವಸು ಹಾಕಿಕೊಂಡು, ಮಣ್ಣಿಗೂ ಹಸಿ ತೊಗಟೆಗೂ ತಾಗದಂತೆ ಬಳಿಯಬೇಕು. ಬೋಗನ್‌ವಿಲ್ಲಾದಲ್ಲಿ ಇದೇ ಕೆಲಸ ಬಾಳುವುದಿಲ್ಲ, ಕಟ್ಟಿಗೆ ಪುಡಿಯಾಗುತ್ತದೆ.

ಗಿಡವನ್ನು ಹೀಗೆ ಕತ್ತರಿಸುತ್ತ ಕುಂಡದಲ್ಲಿಡುವುದು ಹಿಂಸೆಯಲ್ಲವೇ ಎಂದು ಕೇಳುವವರಿದ್ದಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ವಾಷಿಂಗ್ಟನ್‌ನ ರಾಷ್ಟ್ರೀಯ ಬೋನ್ಸಾಯ್ ಸಂಗ್ರಹಾಲಯದಲ್ಲಿ ಒಂದು ಜಪಾನೀ ಬಿಳಿ ಪೈನ್ ಇದೆ. 1625ರಿಂದ ಅದನ್ನು ಕುಂಡದಲ್ಲಿ ಬೆಳೆಸುತ್ತ ಬಂದಿದ್ದಾರೆ. 1945ರಲ್ಲಿ ಹಿರೋಷಿಮಾದ ಮೇಲೆ ಅಣುಬಾಂಬ್ ಬಿದ್ದಾಗ ಅದೇ ನಗರದಲ್ಲಿದ್ದು ಬದುಕುಳಿಯಿತು. 1976ರಲ್ಲಿ ಯಾಮಾಕಿ ಮನೆತನದವರು ಅದನ್ನು ಅಮೆರಿಕಕ್ಕೆ ಉಡುಗೊರೆಯಾಗಿ ಕೊಟ್ಟರು. ಸುಮಾರು ನಾಲ್ಕು ಶತಮಾನ ಒಂದು ಮರ ಕುಂಡದಲ್ಲಿ ಬದುಕಿದೆ ಎಂದರೆ ತಲೆಮಾರಿನಿಂದ ತಲೆಮಾರಿಗೆ ಅದಕ್ಕೆ ನೀರು ತಪ್ಪಿಲ್ಲ, ಬೇರಿನ ಆರೈಕೆ ತಪ್ಪಿಲ್ಲ. ಕಡಿದು ತಿಪ್ಪೆಗೆ ಹೋಗಬೇಕಿದ್ದ ಕಾಮಿನಿಯ ವಿಷಯದಲ್ಲಂತೂ ಈ ಪ್ರಶ್ನೆಯೇ ನನಗೆ ಏಳುವುದಿಲ್ಲ.

ಬೋನ್ಸಾಯ್ ಕುಂಡಕ್ಕೆ ಯಾವಾಗ ಇಳಿಸಬೇಕು ಎಂಬುದು ಹೆಚ್ಚು ಜನ ಕೇಳುವ ಪ್ರಶ್ನೆ. ಕುಂಡ ಬೆಳವಣಿಗೆಯನ್ನು ತಡೆಯುತ್ತದೆ, ಆದ್ದರಿಂದ ಬೆಳೆಯಬೇಕಾದದ್ದೆಲ್ಲ ಬೆಳೆದ ಮೇಲೆ. ನನ್ನ ಕಾಮಿನಿ ಈಗಲೂ ತಳಕ್ಕೆ ತೂತು ಕೊರೆದ ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲೇ ಇದೆ. ಕಾಂಡದ ದಪ್ಪದ ಆರರಷ್ಟು ಎತ್ತರಕ್ಕೆ ಅದನ್ನು ಇಳಿಸಿದ್ದೇನೆ, ಗೋಡೆಗೆ ತಾಗಿ ಮಡಿಚಿದ್ದ ಬೇರು ಹಿಂಬದಿಗೆ ಹೋಗುವಂತೆ ಮುಖ ತಿರುಗಿಸಿದ್ದೇನೆ. ಎಡಗಡೆಯ ಮೊದಲ ರೆಂಬೆ ಮೇಲಿನವುಗಳಿಗಿಂತ ತೆಳುವಾಗಿದೆ, ಆದರೆ ಮರದಲ್ಲಿ ಕೆಳಗಿನ ರೆಂಬೆಯೇ ದಪ್ಪವಿರಬೇಕು. ಹಾಗಾಗಿ ಮೇಲಿನವುಗಳ ತುದಿಯನ್ನು ಚಿವುಟುತ್ತ, ಇದೊಂದನ್ನು ಮಾತ್ರ ಉದ್ದಕ್ಕೆ ಓಡಲು ಬಿಟ್ಟಿದ್ದೇನೆ. ಈಗ ಅದು ಟಬ್ಬಿನಿಂದ ಎರಡು ಅಡಿ ಹೊರಗೆ ಚಾಚಿ, ನಡೆಯುವ ದಾರಿಗೆ ಅಡ್ಡ ಬಂದಿದೆ. ಅಮ್ಮ ಅದಕ್ಕೊಂದು ಕೆಂಪು ಬಟ್ಟೆಯ ಚೂರು ಕಟ್ಟಿದ್ದಾರೆ, ಓಡಾಡುವವರು ಮುರಿಯದಿರಲಿ ಎಂದು.